ಗಾನಯೋಗಿ ಪಂಚಾಕ್ಷರ ಗವಾಯಿಗಳು

ಶಿರಸಿಯ ಮಲೆನಾಡು ಮೂಡಣ ದಿಕ್ಕಿನಲ್ಲಿ ಬಯಲುಸೀಮೆಯನ್ನು ಕೂಡುವೆಡೆಯಲ್ಲಿ ಹಾನಗಲ್ಲು ತಾಲೂಕು ಇದೆ. ಅಲ್ಲಿಯ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ 1892ರಲ್ಲಿ ಗಂಡುಮಗುವೊಂದು ಜನಿಸಿತು. ಗದಿಗೆಯ್ಯನೆಂದು ಹೆಸರಿಟ್ಟರು. ಮಗು ಹುಟ್ಟುಕುರುಡು, ಅಣ್ಣನಿಗೂ ದೃಷ್ಟಿಯಿರಲಿಲ್ಲ.

ಬಡವರ ಮನೆಯ ಅಂಧನಿಗೆ ಆ ಕಾಲದಲ್ಲಿ ಇದ್ದ ದಾರಿಗಳು ಎರಡೇ: ಮನೆಯ ಮೂಲೆ, ಇಲ್ಲವೆ ಭಿಕ್ಷಾಪಾತ್ರೆ. ಕುರುಡನೆಂಬ ಒಂದು ಮಾತು ಅವನ ಉಳಿದೆಲ್ಲ ಶಕ್ತಿಗಳನ್ನೂ ಮರೆಮಾಡುತ್ತಿತ್ತು. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಈ ಬಾಲಕನ ಕಣ್ಣನ್ನು ನೋಡಲಿಲ್ಲ; ಕಂಠವನ್ನು ಗಮನಿಸಿದರು. ಅವರ ಆಶ್ರಯದಲ್ಲಿ ಬೆಳೆದ ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು, ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು.

ಕೀರ್ತಿ ಬಂದಿತು. ಗವಾಯಿಗಳು ಅಷ್ಟಕ್ಕೆ ತೃಪ್ತರಾಗಲಿಲ್ಲ. ತಮಗೆ ದೊರೆತ ಅವಕಾಶ ದೊರೆಯದ ಮಕ್ಕಳು ಎಷ್ಟೋ ಮಂದಿ ಇದ್ದರು. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು, ಜಾತಿಮತಗಳನ್ನು ಎಣಿಸದೆ ಅನ್ನವಿತ್ತು ವಿದ್ಯೆ ಕಲಿಸಿದರು. ಹಲವು ವರ್ಷ ಶಿಷ್ಯರೊಡನೆ ಊರಿಂದೂರಿಗೆ ಸಂಚರಿಸಿದರು. ಅವರ ಹೊಟ್ಟೆ ಹೊರೆಯಲು ನಾಟಕ ಮಂಡಳಿಯನ್ನೂ ಕಟ್ಟಿದರು. ಕೊನೆಗೆ 1942ರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರಿಗೆ ಸ್ಥಿರವಾದ ನೆಲೆಯಾಯಿತು. ಭಿಕ್ಷೆಗೆ ಚಾಚಬೇಕಾಗಿದ್ದ ಕೈಗಳು ತಬಲ, ಹಾರ್ಮೋನಿಯಂ ನುಡಿಸಿ ದುಡಿದು ಉಣ್ಣತೊಡಗಿದವು. ಕಣ್ಣುಳ್ಳವರೂ ಗವಾಯಿಗಳ ಬಳಿ ಕಲಿಯಲು ಬಂದರು. ಬಸವರಾಜ ರಾಜಗುರು ಅಂಥವರಲ್ಲೊಬ್ಬರು.

1944ರಲ್ಲಿ ಪಂಚಾಕ್ಷರ ಗವಾಯಿಗಳು ಕಾಲವಶರಾದರು. ಅವರ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿ, ದೇಶದ ಪದ್ಮಭೂಷಣ ಗೌರವಕ್ಕೂ ಪಾತ್ರರಾದರು.

ಗವಾಯಿಗಳು ಮಾಡಿ ತೋರಿಸಿದುದನ್ನು ಕಾನೂನು ಬಹಳ ತಡವಾಗಿ ಒಪ್ಪಿತು. ವಿಕಲಚೇತನರ ಹಕ್ಕುಗಳಿಗಾಗಿ 1995ರಲ್ಲಿ ಬಂದ ಅಧಿನಿಯಮ ಅಂಧರಿಗೆ ಸರ್ಕಾರಿ ಉದ್ಯೋಗದಲ್ಲಿ ಮೀಸಲು ಸ್ಥಾನ ನೀಡಿತು. ಮನೋರೋಗವನ್ನೂ ಅದು ವೈಕಲ್ಯವೆಂದು ಗಣಿಸಿತು. ಆದರೆ ಮೀಸಲಾತಿಯಿಂದ ಹೊರಗಿಟ್ಟಿತು. 2016ರ ಅಧಿನಿಯಮ ಮೀಸಲಾತಿಯನ್ನು ಶೇಕಡ 4ಕ್ಕೆ ಏರಿಸಿ, ಆ ಕೊರತೆಯನ್ನು ನೀಗಿಸಿತು.

ಆದರೂ ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡು ಕೆಲಸ ಕೇಳಲು ಬಂದವನನ್ನು ಹುಚ್ಚನೆಂಬ ಹಳೆಯ ಹೆಸರಿನಿಂದಲೇ ಅಳೆಯುವವರು ಇದ್ದಾರೆ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗಿರುವವರ ಕಣ್ಣನ್ನು ತೆರೆಯಲಾರದು. ಬಾಲಕ ಗದಿಗೆಯ್ಯನ ಕುರುಡನ್ನಲ್ಲ, ಕಂಠವನ್ನು ಗುರುತಿಸಿದ ಆ ದೃಷ್ಟಿ ಪ್ರತಿಯೊಬ್ಬರಿಗೂ ಬರಬೇಕು.