ಅರವತ್ತರಲ್ಲಿ ಹೊಸ ಕಾಲೇಜಿಗೆ ಹೊರಟ ಬಿಎಂಶ್ರೀ

ಎಯ್ಟ್ ಮೈಲ್ ಪ್ಲೇನ್ಸ್ (ಬ್ರಿಸ್ಬೇನ್): ಜನವರಿ ಮೊದಲ ವಾರವೆಂದರೆ ನಮ್ಮಲ್ಲಿ ಸುಡುಬಿಸಿಲು. ಮಕ್ಕಳಿಗೆ ಬೇಸಿಗೆ ರಜೆ, ಶಾಲೆ ತೆರೆಯಲು ಇನ್ನೂ ಮೂರು ವಾರ. ಈ ಬಿಡುವಿನಲ್ಲಿ ನಾವು ಕೆಲವು ಮನೆಯವರು ಒಂದು ಸಂಜೆ ಸೇರಿ ಬಿ.ಎಂ. ಶ್ರೀಕಂಠಯ್ಯನವರನ್ನು ನೆನೆಯುವುದುಂಟು. ಅವರು ಹುಟ್ಟಿದ್ದು ಜನವರಿ 3ರಂದು, ತೀರಿಕೊಂಡದ್ದು ಜನವರಿ 5ರಂದು. ಎರಡೂ ಒಂದೇ ವಾರದಲ್ಲಿ ಬರುವುದರಿಂದ ನೆನಪಿಗೆ ಕ್ಯಾಲೆಂಡರ್ ನೋಡಬೇಕಾಗಿಲ್ಲ.

ಈ ಸಲ ಚಿತ್ರಾನ್ನ, ಮೊಸರವಲಕ್ಕಿ ಮುಗಿಸಿ ಕುಳಿತಾಗ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಮೈಸೂರು, ಬೆಂಗಳೂರುಗಳಲ್ಲಿ ಪಾಠ ಹೇಳಿದ ಮೇಷ್ಟ್ರು ಧಾರವಾಡದಲ್ಲಿ ಏಕೆ ತೀರಿಕೊಂಡರು ಎಂಬುದು ಅವಳ ಸಂಶಯ. ಅಲ್ಲೊಂದು ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋಗಿದ್ದರು ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದೆವು. ಆಮೇಲೆ ಅನ್ನಿಸಿತು, ಅವರ ಬದುಕಿನಲ್ಲಿ ನಾವು ಹೆಚ್ಚು ಹೇಳಬೇಕಾದ ಭಾಗವೇ ಅದು.

ಶ್ರೀಕಂಠಯ್ಯನವರು 1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಅದು ತಾಯಿಯ ತವರು. ಹೆಸರಿನ ಮೊದಲಿಗೆ ಇರುವ ಬೆಳ್ಳೂರು ಮನೆತನದ ಊರು, ಮೈಲಾರಯ್ಯ ತಂದೆಯ ಹೆಸರು. ತಂದೆ ವಕೀಲರು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ.ಯನ್ನೂ ಪಡೆದರು. ವಕೀಲಿಗೆ ಇಳಿಯದೆ 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು.

ಇಂಗ್ಲಿಷ್ ಮೇಷ್ಟ್ರು ಕನ್ನಡಕ್ಕೆ ಮಾಡಿದ ಕೆಲಸ ನಮಗೆಲ್ಲ ಗೊತ್ತು. 1911ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಹೇಗೆ ತಲೆಯೆತ್ತಬೇಕು ಎಂಬುದರ ಮೇಲೆ ಉಪನ್ಯಾಸ ಕೊಟ್ಟರು. ಆಗ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟಿರಲಿಲ್ಲ. ಮುಂದೆ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಇಂಗ್ಲಿಷ್ ಗೀತಗಳು ನವೋದಯಕ್ಕೆ ದಾರಿ ತೆರೆಯಿತು. ರನ್ನನ ಕಾವ್ಯದಿಂದ ಗದಾಯುದ್ಧ ನಾಟಕ, ಗ್ರೀಕ್ ದುರಂತ ನಾಟಕದ ಜಾಡಿನಲ್ಲಿ ಅಶ್ವತ್ಥಾಮನ್, 1935ರಲ್ಲಿ ಪಾರಸಿಕರು ಬಂದವು. ಪಾರಸಿಕರು ಯುದ್ಧದಲ್ಲಿ ಸೋತವರ ಮನೆಯ ಅಳಲನ್ನು ಹೇಳುವ ನಾಟಕ. ಮೂಲವನ್ನು ಬರೆದ ಈಸ್ಕಿಲಸ್ ಗೆದ್ದವರ ಕಡೆಯವನು ಎಂಬುದೇ ಅದರ ಹೆಚ್ಚುಗಾರಿಕೆ. ಅದು ಕನ್ನಡಕ್ಕೆ ಬಂದ ನಾಲ್ಕೇ ವರ್ಷದಲ್ಲಿ ಲೋಕವೇ ಯುದ್ಧಕ್ಕೆ ಬಿತ್ತು.

1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್. ಕನ್ನಡ ಎಂ.ಎ. ತರಗತಿ ಶುರುವಾದದ್ದು ಆ ಕಾಲದಲ್ಲೇ, ಅದರ ಹಿಂದೆ ಅವರ ಒತ್ತಾಸೆಯಿತ್ತು. ಕುವೆಂಪು, ತೀ.ನಂ. ಶ್ರೀಕಂಠಯ್ಯ ಮೊದಲಾದವರು ಅವರ ಶಿಷ್ಯರು. 1928ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1938ರಿಂದ ಪರಿಷತ್ತಿನ ಉಪಾಧ್ಯಕ್ಷರಾಗಿ ಕನ್ನಡ ನುಡಿ ಪತ್ರಿಕೆ, ಕನ್ನಡ ಪರೀಕ್ಷೆಗಳು ಎಂದು ಓಡಾಡಿದರು. ಮಹಾರಾಜರಿಂದ ರಾಜಸೇವಾಸಕ್ತ ಬಿರುದು ಬಂದದ್ದೂ 1938ರಲ್ಲೇ. 1942ರಲ್ಲಿ ನಿವೃತ್ತಿ. ಪಿಂಚಣಿ, ಬಿರುದು, ಊರು ತುಂಬ ಶಿಷ್ಯರು. ಮನೆಯಲ್ಲಿ ಕೂತು ಅರ್ಧಕ್ಕೆ ನಿಂತ ಪುಸ್ತಕಗಳನ್ನು ಮುಗಿಸಬಹುದಿತ್ತು.

ಅವರು ಹಾಗೆ ಕೂರಲಿಲ್ಲ. 1944ರಲ್ಲಿ ಧಾರವಾಡದ ಕರ್ನಾಟಕ ಎಜುಕೇಷನ್ ಬೋರ್ಡ್ ಒಂದು ಕಲಾ ಕಾಲೇಜು ತೆರೆಯಿತು. ಕೆ.ಇ. ಬೋರ್ಡ್ ಕಾಲೇಜು ಎಂದೇ ಜನ ಕರೆದ ಅದರ ಪ್ರಿನ್ಸಿಪಾಲರಾಗಿ ಬರಬೇಕೆಂಬ ಕರೆಯನ್ನು ಶ್ರೀಯವರು ಒಪ್ಪಿಕೊಂಡರು. ಆಗ ಅವರಿಗೆ ಅರವತ್ತು ವರ್ಷ.

ಇಂದು ಬೆಂಗಳೂರಿನಿಂದ ಧಾರವಾಡಕ್ಕೆ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುತ್ತೇವೆ. ಆಗ ಅದು ಬೇರೆ ಸೀಮೆ. ರೈಲು ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ ಮುಗಿದು ಮುಂಬಯಿ ಪ್ರಾಂತ ಆರಂಭ. ಅಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ ನೇರ ಆಳ್ವಿಕೆ. ಕಚೇರಿಯ ನಡವಳಿಕೆ ಬೇರೆ, ಮಾತಿನ ವರಸೆ ಬೇರೆ. ಧಾರವಾಡಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಇರಲಿಲ್ಲ. ಪದವಿ ಬೇಕೆಂದರೆ ದೂರದ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. 1917ರಲ್ಲಿ ಆರಂಭವಾದ ಸರ್ಕಾರಿ ಕರ್ನಾಟಕ ಕಾಲೇಜು ಊರಿನಲ್ಲಿ ಆಗಲೇ ಬೇರು ಬಿಟ್ಟಿತ್ತು. ನಾಟಕಕಾರ ಶ್ರೀರಂಗರು ಅಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಅದರ ಮಗ್ಗುಲಲ್ಲಿ ಹೊಸ ಖಾಸಗಿ ಕಾಲೇಜೆಂದರೆ ಹೆಸರೂ ಹೊಸದು, ಕೈಯೂ ಬಿಗಿ. ಅದೇ 1944ರಲ್ಲಿ ಧಾರವಾಡದ ಬೇಂದ್ರೆಯವರು ಊರು ಬಿಟ್ಟು ಸೊಲ್ಲಾಪುರದ ಕಾಲೇಜಿಗೆ ಕನ್ನಡ ಪಾಠ ಹೇಳಲು ಹೋದರು. ಒಬ್ಬರು ಬಂದರು, ಒಬ್ಬರು ಹೋದರು. ಇಬ್ಬರಿಗೂ ಕನ್ನಡ ನಾಡು ಒಂದಾಗಬೇಕೆಂಬ ಆಸೆಯಿತ್ತು, ನಕಾಶೆಯಲ್ಲಿ ಆ ನಾಡು ಇನ್ನೂ ಇರಲಿಲ್ಲ.

ಕಾಲವಾದರೂ ಎಂಥದು! 1942ರ ಚಲೇಜಾವ್ ಚಳವಳಿಯಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದಿದ್ದರು. ಪಕ್ಕದ ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಲಿಯಾದ. 1943ರ ಏಪ್ರಿಲಿನಲ್ಲಿ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಪ್ರಾಣ ಕೊಟ್ಟರು. ಅತ್ತ ವಿಜಾಪುರ ಸೀಮೆಯಲ್ಲಿ 1942–43ರ ಬರಗಾಲ. ಯುದ್ಧದ ದೆಸೆಯಿಂದ ಕಾಳುಕಡ್ಡಿಗೆ ರೇಷನ್, ಸೀಮೆಎಣ್ಣೆಗೆ ತತ್ವಾರ, ಬೆಲೆ ಏರಿ ತಿಂಗಳ ಸಂಬಳದವರ ಗೋಳು. ಕಾಗದಕ್ಕೂ ಸರ್ಕಾರದ ನಿಯಂತ್ರಣ. ಕಾಲೇಜೊಂದಕ್ಕೆ ಕಾಗದವಿಲ್ಲದಿದ್ದರೆ ಪಠ್ಯವಿಲ್ಲ, ನೋಟ್ಸ್ ಇಲ್ಲ, ಉತ್ತರ ಪತ್ರಿಕೆಯೂ ಇಲ್ಲ. ಮಗನನ್ನು ಕಾಲೇಜಿಗೆ ಕಳಿಸುವ ರೈತನ ಮನೆಯಲ್ಲಿ ಫೀಜಿಗೆ ಹಣ ಹೊಂದಿಸುವುದೇ ದೊಡ್ಡ ಲೆಕ್ಕ. ಇಂಥ ಹೊತ್ತಿನಲ್ಲಿ ತೆರೆದ ಕಾಲೇಜು ಅದು.

ಬ್ರಿಸ್ಬೇನಿನ ನಮಗೆ ಆ ಕಷ್ಟ ಊಹಿಸಲು ದೂರ ಹೋಗಬೇಕಿಲ್ಲ. ನಮ್ಮ ಬಸ್‌ವೇ ನಿಲ್ದಾಣದಿಂದ ಎಷ್ಟೋ ಮನೆಯ ಮಕ್ಕಳು ದಿನವೂ ಸೇಂಟ್ ಲೂಸಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಅಲ್ಲಿನ ಮರಳುಗಲ್ಲಿನ ಫೋರ್ಗನ್ ಸ್ಮಿತ್ ಕಟ್ಟಡದ ಮುಂದೆ ಪದವಿಯ ದಿನ ನಾವೂ ಫೋಟೊ ತೆಗೆಸಿಕೊಂಡಿದ್ದೇವೆ. ಅದೇ ಕಟ್ಟಡ ಪಾಠಕ್ಕೆ ತೆರೆದುಕೊಳ್ಳುವ ಮೊದಲೇ 1942ರಲ್ಲಿ ಸೇನೆಯ ಕೈಸೇರಿ, ಜನರಲ್ ಥಾಮಸ್ ಬ್ಲೇಮಿಯ ಕೇಂದ್ರ ಕಚೇರಿಯಾಯಿತು. ವಿಶ್ವವಿದ್ಯಾಲಯ ಪೇಟೆಯ ಜಾರ್ಜ್ ಸ್ಟ್ರೀಟಿನ ಹಳೆಯ ಜಾಗದಲ್ಲೇ ಯುದ್ಧ ಮುಗಿಯಲೆಂದು ಕಾಯಬೇಕಾಯಿತು. ಶ್ರೀಮಂತ ದೇಶದ ವಿಶ್ವವಿದ್ಯಾಲಯಕ್ಕೇ ಹೀಗಾದರೆ, ಧಾರವಾಡದ ಒಂದು ಪುಟ್ಟ ಕಾಲೇಜಿನ ಪಾಡು ಏನಿದ್ದೀತು?

ಆ ಪಾಡನ್ನು ಗೊತ್ತಿದ್ದೇ ಶ್ರೀಯವರು ಹೊತ್ತುಕೊಂಡರು ಎನ್ನುವುದೇ ನಮ್ಮನ್ನು ತಟ್ಟುವ ಸಂಗತಿ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದವರಿಗೆ ಒಂದು ಕಾಲೇಜಿನ ಒಳಹೊರಗು ತಿಳಿಯದ್ದಲ್ಲ. ಅಧ್ಯಾಪಕರನ್ನು ಕೂಡಿಸಬೇಕು, ಮುಂಬಯಿಯ ಮಾನ್ಯತೆಗೆ ಬೇಕಾದ್ದನ್ನು ಒದಗಿಸಬೇಕು, ಲೈಬ್ರರಿಯನ್ನು ಬುಡದಿಂದ ಕಟ್ಟಬೇಕು. ಬಿರುದು ಪಡೆದವರಿಗೆ ಇದರಿಂದ ಸಿಗುವ ಹೊಸ ಹೆಸರೇನೂ ಇರಲಿಲ್ಲ. ಮುಪ್ಪಿನಲ್ಲಿ ಅವರ ಬರವಣಿಗೆಯ ಹೊತ್ತನ್ನು ಅದು ತಿಂದಿತು. ಕನ್ನಡ ಸಾಹಿತ್ಯ ಚರಿತ್ರೆಯಂಥ ಕೆಲಸಗಳು ಅವರ ಕೈಯಿಂದ ಪೂರ್ತಿಯಾಗಿ ಹೊರಬರಲೇ ಇಲ್ಲ. ಇದನ್ನು ಕನ್ನಡಕ್ಕಾದ ನಷ್ಟವೆಂದು ಎಣಿಸುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ 1911ರಲ್ಲಿ ಧಾರವಾಡದ ವೇದಿಕೆಯ ಮೇಲೆ ನಿಂತು ಕನ್ನಡ ತಲೆಯೆತ್ತಲಿ ಎಂದವರು, ಮೂವತ್ತಮೂರು ವರ್ಷಗಳ ಮೇಲೆ ಅದೇ ಊರು ಕೆಲಸಕ್ಕೆ ಕರೆದಾಗ ಇಲ್ಲವೆನ್ನಲು ಹೇಗೆ ಸಾಧ್ಯ?

1945ರ ಮೇ ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿಯಿತು, ಸೆಪ್ಟೆಂಬರಿನಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿತು. ಕಾಲೇಜಿಗೆ ಇನ್ನು ಉಸಿರಾಡಲು ದಾರಿಯಾಯಿತು ಎನ್ನುವಷ್ಟರಲ್ಲಿ, 1946ರ ಜನವರಿ 5ರಂದು ಶ್ರೀಯವರು ಧಾರವಾಡದಲ್ಲೇ ಕಣ್ಣು ಮುಚ್ಚಿದರು. ಅರವತ್ತೆರಡು ತುಂಬಿ ಎರಡೇ ದಿನವಾಗಿತ್ತು. ಸ್ವಾತಂತ್ರ್ಯವನ್ನು ಅವರು ಕಾಣಲಿಲ್ಲ. ಹರಿಹರದ ಗಡಿ ಅಳಿಸಿಹೋದ 1956ರ ನವೆಂಬರ್ 1ನ್ನೂ ಕಾಣಲಿಲ್ಲ. ಧಾರವಾಡಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದೂ ಅವರ ನಂತರವೇ.

ಕಾಲೇಜು ಮಾತ್ರ ನಿಲ್ಲಲಿಲ್ಲ. ಮುಂದೆ ಅದು ಜನತಾ ಶಿಕ್ಷಣ ಸಮಿತಿಯ ಕೈಗೆ ಬಂದು, ಇಂದು ಧಾರವಾಡದ ವಿದ್ಯಾಗಿರಿಯಲ್ಲಿ ಜೆ.ಎಸ್.ಎಸ್. ಕಾಲೇಜಾಗಿ ನಡೆದಿದೆ. ಕಲೆಯ ಜೊತೆಗೆ ವಾಣಿಜ್ಯ, ವಿಜ್ಞಾನವೂ ಸೇರಿವೆ. ಬ್ರಿಸ್ಬೇನಿನಲ್ಲಿರುವ ನಮ್ಮವರಲ್ಲೂ ಅಲ್ಲಿ ಓದಿದವರಿದ್ದಾರೆ. ಮೊದಲ ಪ್ರಿನ್ಸಿಪಾಲರು ಯಾರೆಂದು ಕೇಳಿದಾಗ ಅವರಿಗೂ ಅದು ಹೊಸ ಸುದ್ದಿ.

ಹುಡುಗಿಯ ಪ್ರಶ್ನೆಗೆ ಇಷ್ಟೆಲ್ಲ ಹೇಳಿ ಮುಗಿಸಿದಾಗ ಕತ್ತಲಾಗಿತ್ತು. ನಮ್ಮ ಮನಸ್ಸಿನಲ್ಲಿ ಇನ್ನೊಂದು ಚಿಂತೆಯಿತ್ತು. ವಾರಕ್ಕೊಮ್ಮೆ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದ ಅಕ್ಕ, ಯಜಮಾನರ ಕೆಲಸದ ನಿಮಿತ್ತ ಅಡಿಲೇಡಿಗೆ ಹೊರಟಿದ್ದಾರೆ. ಇರುವ ಮಕ್ಕಳು ಒಂಬತ್ತು ಜನ. ಇಷ್ಟಕ್ಕೆ ತರಗತಿ ಬೇಕೆ, ಹೇಳಿಕೊಡುವವರು ಯಾರು ಎಂದು ಎರಡು ವಾರದಿಂದ ಮಾತಾಡಿ ಸಾಕಾಗಿತ್ತು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದಿರುವ ಒಬ್ಬ ನಿವೃತ್ತ ಮೇಷ್ಟ್ರು ಅಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಕೇಳುತ್ತ ಕುಳಿತಿದ್ದರು. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು, ತರಗತಿ ಯಾವ ವಾರ, ಎಷ್ಟು ಗಂಟೆಗೆ ಎಂದು ಕೇಳಿದರು.

ಶಾಲೆ ತೆರೆದ ಮೊದಲ ಶನಿವಾರ, ಬೆಳಿಗ್ಗೆ ಹತ್ತಕ್ಕೆ ಎಂದು ಹೇಳಿದ್ದೇವೆ.