ಆಟದಲ್ಲೇ ಪಾಠ ಕಂಡ ಫ್ರೋಬೆಲ್

ಎಲ್.ಕೆ.ಜಿ., ಯು.ಕೆ.ಜಿ. ಅಂತ ಎಲ್ಲರೂ ಹೇಳ್ತಾರೆ. ಅದರಲ್ಲಿ ಕೆ.ಜಿ. ಅಂದರೆ ಏನು ಗೊತ್ತೇ? ಅಕ್ಕಿ ತೂಗುವ ಕೆ.ಜಿ. ಅಲ್ಲ! ಅದು ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಮಕ್ಕಳ ತೋಟ. ಈ ಹೆಸರಿಟ್ಟವರು ಫ್ರೆಡ್ರಿಕ್ ಫ್ರೋಬೆಲ್ ಎಂಬ ಮೇಷ್ಟ್ರು. ಅವರ ಜೀವನ ಚರಿತ್ರೆಯನ್ನು ತಿಳಿಯೋಣ.

ಬಾಲ್ಯ: ಫ್ರೋಬೆಲರು 1782 ನೇ ಇಸವಿ ಏಪ್ರಿಲ್ 21 ರಂದು ಜರ್ಮನಿಯ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆಗೆ ಪುರುಸೊತ್ತೇ ಇರಲಿಲ್ಲ. ಮಲತಾಯಿಗೆ ಸ್ವಂತ ಮಗ ಹುಟ್ಟಿದ ಮೇಲೆ ಇವರನ್ನು ಕೇಳೋರು ಇಲ್ಲದಂತಾಯಿತು. ಒಬ್ಬರೇ ತೋಟದಲ್ಲಿ ಗಿಡ, ಹೂವು ನೋಡ್ತಾ ಇರುತ್ತಿದ್ದರು. 10 ವರ್ಷ ಆದಾಗ ಸೋದರಮಾವ ಕರೆದುಕೊಂಡು ಹೋಗಿ ಪ್ರೀತಿಯಿಂದ ಸಾಕಿದರು.

ಮೇಷ್ಟ್ರಾದದ್ದು: ಮೊದಲು ಅವರು ಅರಣ್ಯದ ಕೆಲಸ ಕಲಿತರು. 1805 ರಲ್ಲಿ ಫ್ರಾಂಕ್‌ಫರ್ಟ್ ಪಟ್ಟಣದ ಶಾಲೆಯಲ್ಲಿ ಶಿಕ್ಷಕರಾದರು. ಪಾಠ ಮಾಡೋದೇ ತನ್ನ ಕೆಲಸ ಎಂದು ಅವರಿಗೆ ಆಗ ತಿಳಿಯಿತು. ಆಮೇಲೆ ಸ್ವಿಟ್ಜರ್ಲೆಂಡಿಗೆ ಹೋಗಿ ಪೆಸ್ಟಾಲಜಿ ಎಂಬ ಶಿಕ್ಷಣ ತಜ್ಞರ ಹತ್ತಿರ 2 ವರ್ಷ ಇದ್ದರು. 1816 ರಲ್ಲಿ ಸ್ವಂತ ಶಾಲೆ ತೆರೆದರು.

ಮಕ್ಕಳ ತೋಟ: 1837 ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ತೀರಾ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ಶುರು ಮಾಡಿದರು. 1840 ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅಲ್ಲಿ ಆಟವೇ ಪಾಠ. ಹಾಡು, ಕುಣಿತ, ಮಕ್ಕಳೇ ನೀರು ಹಾಕಿ ಬೆಳೆಸುವ ಪುಟ್ಟ ಪುಟ್ಟ ಪಾತಿಗಳು ಇದ್ದವು.

ಮಕ್ಕಳಿಗೆ ಕೊಡುವ ಆಟದ ಸಾಮಾನುಗಳನ್ನು ಫ್ರೋಬೆಲರು ಉಡುಗೊರೆ ಎಂದು ಕರೆದರು. ಮೊದಲನೆಯದು ಬಣ್ಣ ಬಣ್ಣದ 6 ಉಣ್ಣೆಯ ಚೆಂಡು. ಎರಡನೆಯದು ಮರದಲ್ಲಿ ಮಾಡಿದ ಗೋಳ, ಘನ ಮತ್ತು ಸಿಲಿಂಡರ್. ಮೂರನೆಯದು 8 ಸಣ್ಣ ತುಂಡುಗಳಾಗುವ ಒಂದು ಘನ. ಅದೇ 8 ತುಂಡಿನಲ್ಲಿ ಮಗು ಕುರ್ಚಿ, ಮೆಟ್ಟಿಲು, ಮನೆ ಕಟ್ಟಬಹುದು. ಸುತ್ತಲೂ ಜೋಡಿಸಿದರೆ ರಂಗೋಲಿ ತರಹ ಚಿತ್ರ ಆಗುತ್ತೆ. ಅರ್ಧ, ಕಾಲು ಎಂಬ ಲೆಕ್ಕವೂ ಬರುತ್ತೆ.

ಚಿತ್ರಕಲೆಯನ್ನೂ ಹೀಗೇ ಕಲಿಸಿದರು. ಮೊದಲು ಕಡ್ಡಿಗಳನ್ನು ಜೋಡಿಸಿ ಆಕಾರ ಮಾಡಬೇಕು. ಚೌಕುಳಿ ಗೆರೆ ಇರುವ ಸ್ಲೇಟಿನ ಮೇಲೆ ಬರೆಯಬೇಕು. ಜೇಡಿಮಣ್ಣಿನ ಗೊಂಬೆ, ಕಾಗದ ಮಡಚೋದು, ಕಾಗದದ ಪಟ್ಟಿ ಹೆಣೆಯೋದು ಎಲ್ಲಾ ಇತ್ತು. ಕೈಯಲ್ಲಿ ಮಾಡಿದ್ದು ಮನಸ್ಸಿನಲ್ಲಿ ನಿಲ್ಲುತ್ತೆ ಎಂಬುದು ಅವರ ನಂಬಿಕೆ. ಹೆಣ್ಣುಮಕ್ಕಳಿಗೆ ಇಂಥ ಶಾಲೆ ನಡೆಸುವ ತರಬೇತಿಯನ್ನೂ ಕೊಟ್ಟರು.

ಕಷ್ಟ: 1851 ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು! ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಸಮಾಜವಾದಿ. ಸರ್ಕಾರ ಇಬ್ಬರನ್ನೂ ಒಂದೇ ಎಂದು ಎಣಿಸಿತು. ತಪ್ಪು ತಿಳುವಳಿಕೆ ಎಂದು ಫ್ರೋಬೆಲರು ಬರೆದುಕೊಂಡರೂ ಕೇಳಲಿಲ್ಲ. ಪಾಪ, 1852 ರ ಜೂನ್ 21 ರಂದು ಅವರು ತೀರಿಕೊಂಡಾಗ ನಿಷೇಧ ಹಾಗೇ ಇತ್ತು. ಅದನ್ನು ತೆಗೆದದ್ದು 1860 ರಲ್ಲಿ.

ಆದರೆ ಅವರ ಶಿಷ್ಯರು ಸುಮ್ಮನೆ ಕೂರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಇಂಥ ಶಾಲೆ ತೆರೆದರು. ಅಮೇರಿಕಾದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಚಿಕ್ಕವರಿದ್ದಾಗ ಇದೇ ಮರದ ತುಂಡುಗಳಲ್ಲಿ ಆಡಿದ್ದರು. ನಮ್ಮಲ್ಲೂ ಶಿಶುವಿಹಾರಗಳು ಬಂದವು.

ಫ್ರೋಬೆಲರ ಸಮಾಧಿಯ ಮೇಲೆ ಒಂದು ಘನ, ಅದರ ಮೇಲೆ ಸಿಲಿಂಡರ್, ಅದರ ಮೇಲೆ ಗೋಳ ಇಟ್ಟಿದ್ದಾರೆ. ಆಟದ ಸಾಮಾನೇ ಅವರ ಸ್ಮಾರಕ.

ಗೆಳೆಯರೇ, ಅಂಗನವಾಡಿಯ ತಮ್ಮ ತಂಗಿಯರು ಮಣ್ಣಲ್ಲಿ ಮನೆ ಕಟ್ಟಿದರೆ ತುಳಿದು ಕೆಡಿಸಬೇಡಿ. ಅವರೂ ಕಲೀತಾ ಇದ್ದಾರೆ.

– 7 ನೇ ತರಗತಿ ವಿದ್ಯಾರ್ಥಿನಿ