ಶರಣ ಹೆಂಡದ ಮಾರಯ್ಯನವರು

ಶಿವಶರಣರ ನಾಮಾವಳಿಯನ್ನು ಓದುವಾಗ ಅವರವರ ಕಾಯಕಗಳು ಹೆಸರಿನೊಡನೆ ಬೆರೆತು ನಿಂತಿರುವುದನ್ನು ಕಾಣುತ್ತೇವೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಮೊದಲಾದ ಹೆಸರುಗಳನ್ನು ಸದ್ಭಕ್ತರು ಅಭಿಮಾನದಿಂದ ಉಚ್ಚರಿಸುವರು. ಆದರೆ ಅದೇ ಮಾಲೆಯಲ್ಲಿ ಹೆಂಡದ ಮಾರಯ್ಯ ಎಂಬ ಹೆಸರು ಬಂದೊಡನೆ ನಾಲಗೆಯು ಕ್ಷಣಕಾಲ ತಡೆಯುವುದು. ಹೆಂಡವನ್ನು ಮಾರಿದವರು ಶರಣರಾದುದೆಂತು ಎಂಬ ಸಂದೇಹವು ಗೃಹಸ್ಥರ ಮನದಲ್ಲಿ ಏಳುವುದು ಸಹಜವೇ ಸರಿ. ಆ ಸಂದೇಹದ ಪರಿಹಾರದಲ್ಲಿಯೇ ಕುಡಿತದಿಂದ ನೊಂದ ಮನೆಗಳಿಗೆ ಬೇಕಾದ ಬೋಧೆಯು ಅಡಗಿದೆ.

ಮಾರಯ್ಯನವರು 12ನೆಯ ಶತಮಾನದವರು. ಆಗ ಕಲ್ಯಾಣದಲ್ಲಿ ಬಿಜ್ಜಳನ ಆಳಿಕೆಯಿದ್ದಿತು, ಬಸವಣ್ಣನವರು ಭಂಡಾರಿಗಳಾಗಿದ್ದರು. ಕುಲವನ್ನು ಕೇಳದೆ, ಹಿಂದಿನ ನಡೆಯನ್ನು ಎಣಿಸದೆ, ಬಂದವರನ್ನು ತಮ್ಮವರೆಂದು ಅಪ್ಪಿಕೊಳ್ಳುವ ಶರಣಸಂಗವು ಅಲ್ಲಿ ನೆರೆದಿದ್ದಿತು. ಹೆಂಡ ಮಾರಿ ಹೊಟ್ಟೆ ಹೊರೆಯುತ್ತಿದ್ದ ಮಾರಯ್ಯನವರೂ ಆ ಸಂಗದ ಪ್ರಭಾವಕ್ಕೆ ಒಳಗಾದರು. ಕುಡಿತವು ಮನುಷ್ಯನನ್ನು ಏನು ಮಾಡುವುದೆಂಬುದನ್ನು ಅವರಷ್ಟು ಸಮೀಪದಿಂದ ಬಲ್ಲವರು ಯಾರು? ಮುಂಜಾನೆ ಗಂಭೀರನಾಗಿ ನಡೆದವನು ಸಂಜೆಗೆ ಬೀದಿಯಲ್ಲಿ ಉರುಳುವುದನ್ನು ಹೆಂಡದಂಗಡಿಯವರೇ ಮೊದಲು ಕಾಣುವರು.

ಶರಣರಾದ ಬಳಿಕ ಮಾರಯ್ಯನವರು ಹೆಂಡಕ್ಕಾಗಿ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದರೆಂದು ಪರಂಪರೆಯು ನೆನೆಯುತ್ತದೆ. ಈ ಮಾತನ್ನು ಹಗುರಾಗಿ ಎಣಿಸಲಾಗದು. ಗಿರಾಕಿಯ ಚಟವೇ ಮಾರುವವನ ಲಾಭ. ಆ ಲಾಭಕ್ಕೆ ತಾವೇ ಕತ್ತರಿಯಿಕ್ಕುವ ನುಡಿಯನ್ನು ಗಡಿಗೆಯ ಮುಂದೆ ಕುಳಿತು ಆಡಬೇಕಾದರೆ ಎಂತಹ ನಿಷ್ಠೆ ಬೇಕು! ಕುಡಿಯುವವನನ್ನು ಅವರು ತಮ್ಮ ಸಮೀಪದಲ್ಲಿಯೇ ಕಂಡರು, ದೂರದಿಂದ ಹಳಿಯಲಿಲ್ಲ. ಆದುದರಿಂದಲೇ ಅವರ ಮಾತಿಗೆ ತೂಕ ಬಂದಿತು.

ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ 12 ವಚನಗಳು ದೊರೆತಿವೆ. ಒಂದು ವಚನದಲ್ಲಿ, ತಾವು ಮಾರಲು ತಂದ ಅಮೃತಕ್ಕೆ ಗಿರಾಕಿಗಳೇ ಇಲ್ಲವೆಂದು ಅವರು ಮರುಗುವರು. ಅಂಗಡಿಯ ಭಾಷೆಯೇ ಅಲ್ಲಿ ಅನುಭಾವದ ಭಾಷೆಯಾಗಿದೆ. ಇಂದ್ರಿಯಗಳು ಎಷ್ಟು ಉಂಡರೂ ಕಡೆಗೆ ದಣಿಯುವುವು. ಅದರಾಚೆಗಿರುವ ಆನಂದವು ದೊರೆತಾಗಲೇ ಲಿಂಗದರ್ಶನವೆಂಬುದು ಅದರ ತಾತ್ಪರ್ಯ. ಬಿಡುವುದೊಂದನ್ನೇ ಹೇಳಿ ಮಾರಯ್ಯನವರು ಸುಮ್ಮನಾಗಲಿಲ್ಲ. ಬಿಟ್ಟ ಸ್ಥಾನದಲ್ಲಿ ತುಂಬಿಕೊಳ್ಳಬೇಕಾದುದನ್ನೂ ತೋರಿದರು. ಬರಿದಾದ ಗಡಿಗೆಯನ್ನು ಹಾಗೆಯೇ ಬಿಟ್ಟರೆ ಹಳೆಯ ರಸವೇ ಮತ್ತೆ ಬಂದು ತುಂಬುವುದಲ್ಲವೆ?

ಮುದನಾಳ, ಶಹಾಪುರ, ಸುರಪುರದ ಕಡೆಯ ಹಿರಿಯರಿಗೆ ಸೇಂದಿಯ ಸಂಗತಿಯು ಹೊಸತಲ್ಲ. ಈಚಲ ಮರದಿಂದ ರಾತ್ರಿ ಒಸರಿದ ರಸವು ನಸುಕಿನಲ್ಲಿ ಸಿಹಿಯಾದ ನೀರಾ ಆಗಿರುವುದು. ಬಿಸಿಲೇರಿದಂತೆ ಹುಳಿತು ಅಮಲಿನ ಹೆಂಡವಾಗುವುದು. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ರಸವು ಬೇಗನೆ ಹುಳಿಯದು. ಮರವೂ ಒಂದೇ, ರಸವೂ ಒಂದೇ. ಗಡಿಗೆಯನ್ನು ಸಿದ್ಧಪಡಿಸಿದ ಬಗೆಯು ಮಾತ್ರ ಬೇರೆ. ಮನುಷ್ಯನ ಬಾಳಿಗೂ ಇದು ಸಲ್ಲುವುದು. ಕಾಯವೇ ಗಡಿಗೆ, ಸತ್ಸಂಗವೇ ಸುಣ್ಣ.

ಮಾರಯ್ಯನವರ ಹಾದಿಯು ಕಲ್ಯಾಣದೊಡನೆ ಮುಗಿಯಲಿಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆಯೊಡ್ಡಿದರು. ಅವರು ಬೇಡಿದ ಭಿಕ್ಷೆಯು ಕಾಳಲ್ಲ, ಕಾಸಲ್ಲ, ಭಕ್ತರ ದುಶ್ಚಟಗಳು. ಕುಡಿತವನ್ನೂ ತಂಬಾಕನ್ನೂ ಆ ಜೋಳಿಗೆಗೆ ಹಾಕಿ ಹಗುರಾದ ಮನೆಗಳು ಅನೇಕ. 2018ರಲ್ಲಿ ಅವರು ಲಿಂಗೈಕ್ಯರಾದರು. ದೂರದ ಅಮೆರಿಕೆಯಲ್ಲಿ 1935ರಲ್ಲಿ ಕುಡಿತವನ್ನು ಬಿಟ್ಟ ಇಬ್ಬರು ಗೃಹಸ್ಥರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ ಕೂಟವು ಇಂದು ಜಗತ್ತಿನಾದ್ಯಂತ ಹಬ್ಬಿದೆ. ನೊಂದವನೇ ನೊಂದವನನ್ನು ಎತ್ತಬಲ್ಲನೆಂಬ ತತ್ತ್ವವು ದೇಶಕಾಲಗಳನ್ನು ಮೀರಿದುದು.

ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿಯು ನಿಷೇಧವಾಯಿತು. ಆದರೂ ಮದ್ಯದ ಅಂಗಡಿಗಳು ಉಳಿದವು, ಹೆಣ್ಣುಮಕ್ಕಳ ಕಣ್ಣೀರೂ ಉಳಿಯಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ತಾಯಂದಿರು ಮದ್ಯನಿಷೇಧವನ್ನು ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಮನದ ಬಾಗಿಲನ್ನು ತೆರೆಯುವ ಕೆಲಸವು ಮನೆಯವರದೂ ಸಮಾಜದ್ದೂ ಆಗಿದೆ.

ಇಲ್ಲಿ ಗೃಹಸ್ಥರು ಎರಡು ಸಂಗತಿಗಳನ್ನು ಮರೆಯಬಾರದು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುವುದು, ಫಿಟ್ಸ್ ಬರುವುದು, ಬುದ್ಧಿಭ್ರಮೆಯಾಗುವುದು ಉಂಟು, ಪ್ರಾಣಾಪಾಯವೂ ಒದಗಬಹುದು. ಆದುದರಿಂದ ವ್ರತ ತೊಡುವವನನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಔಷಧವನ್ನು ಕೊಳ್ಳುವುದರಿಂದ ಭಕ್ತಿಗೆ ಕುಂದಿಲ್ಲ. ಎರಡನೆಯದಾಗಿ, ಬಿಟ್ಟವನು ಮತ್ತೊಮ್ಮೆ ಎಡವಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಲಾಗದು. ಚಟವು ಬೇರು ಬಿಟ್ಟ ರೋಗವಾಗಿದೆ, ಅದು ಮರುಕಳಿಸುವುದುಂಟು. ಎಡವಿದವನನ್ನು ಎತ್ತುವ ಕೈಗಳು ಮನೆಯಲ್ಲಿದ್ದರೆ ಅವನು ಹೆಂಡದಂಗಡಿಯಲ್ಲಿ ಸಮಾಧಾನವನ್ನು ಹುಡುಕಲಾರನು. ಹಾಗೆಂದು ಅವನ ಸಾಲವನ್ನು ತೀರಿಸುತ್ತ, ತಪ್ಪುಗಳನ್ನು ಮುಚ್ಚುತ್ತ ಹೋಗುವುದೂ ಕರುಣೆಯಲ್ಲ. ಹೊಡೆತ ಬಡಿತಗಳನ್ನು ಸಹಿಸಿಕೊಂಡಿರಬೇಕೆಂದು ಹೆಣ್ಣುಮಗಳಿಗೆ ಹೇಳುವುದಂತೂ ಧರ್ಮವೇ ಅಲ್ಲ.

ಕುಡಿತ ಬಿಟ್ಟವನಿಗೆ ಮುಂಜಾನೆಯ ಲಿಂಗಪೂಜೆ, ಹಗಲಿನ ಕಾಯಕ, ಸಂಜೆಯ ಸತ್ಸಂಗ ಇವು ಮೂರೂ ಬೇಕು. ಅದರಲ್ಲಿಯೂ ಸಂಜೆಯ ಹೊತ್ತು ಬರಿದಾಗಿರಬಾರದು. ಹಳೆಯ ಗೆಳೆಯರು ಕರೆಯುವುದು ಆ ಹೊತ್ತಿನಲ್ಲಿಯೇ. ಒಂದೊಂದು ದಿನವನ್ನೂ ಒಂದೊಂದು ವ್ರತವೆಂದು ನಡೆಯಿಸಿದರೆ ದಿನಗಳೇ ವರುಷಗಳಾಗುವುವು.

ಶರಣಸಂಗವು ಹೆಂಡದ ಮಾರಯ್ಯನವರ ಹಿಂದಿನ ಹೆಸರನ್ನು ಅಳಿಸಲಿಲ್ಲ. ಆ ಹೆಸರಿನೊಡನೆಯೇ ಅವರನ್ನು ಪೂಜ್ಯರನ್ನಾಗಿಸಿತು. ನಮ್ಮ ಓಣಿಯಲ್ಲಿ ಕುಡಿತ ಬಿಟ್ಟು ಬಂದವನನ್ನು ಅವನ ಹಳೆಯ ಹೆಸರಿನಿಂದ ಹಂಗಿಸದೆ, ಮನೆಯ ಜಗುಲಿಯ ಮೇಲೆ ಸರಿಸಮನಾಗಿ ಕೂರಿಸಿಕೊಳ್ಳುವ ದಿನ ಮಾರಯ್ಯನವರ ಸ್ಮರಣೆಯು ಸಾರ್ಥಕವಾಗುವುದು.